ಸೀಲು ಒತ್ತದ ಇಂಜಿನಿಯರ್

ನಮ್ಮ ಭಾವನನ್ನು ಇಂಜಿನಿಯರ್ ಮಾಡಿದ್ದೇ ತಪ್ಪು. ಅದರ ಮೇಲೆ ಕೈಗೊಂದು ಲೈಸೆನ್ಸ್ ಕೊಟ್ಟದ್ದು ಮಹಾಪರಾಧ! ಇದನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ನಿಮಗೆ ಅನಿಸಿದರೆ, ಸರಿಯಾಗಿಯೇ ಅನಿಸಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅರ್ಧ ಆಯಸ್ಸು ಊರೂರು ಸುತ್ತಿ ಯಾರ್ಯಾರದೋ ಕಂಪನಿಗೆ ಸೇತುವೆ ಕಟ್ಟಿಸಿದವರು. ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಸೋಮವಾರಪೇಟೆಗೆ ಬಂದು, ಕನ್ಸಲ್ಟೆಂಟ್ ಆಗುತ್ತೇನೆ ಎಂದರು. "ಲೈಸೆನ್ಸ್ ತಗೊಳ್ಳಿ ಭಾವ. ಗೋಡೆಗೆ ನೇತು ಹಾಕಿದ್ರೆ ಜನ ತಾವಾಗೇ ಬರ್ತಾರೆ" ಎಂದು ಉಪದೇಶ ಮಾಡಿದವನು ನಾನೇ. ಅರ್ಜಿ ತುಂಬಿದವನು ನಾನು, ಚೌಕಟ್ಟು ಹಾಕಿಸಿದವನು ನಾನು, ದುಂಡನೆಯ ಸೀಲು ಮಾಡಿಸಿ ತಂದವನೂ ನಾನೇ!

ಜನ ಬಂದರು. ಆದರೆ ಸಲಹೆ ಕೇಳಲು ಒಬ್ಬನಾದರೂ ಬಂದನೇ? ಮೊದಲನೆಯವನು ಬೈಕಿನಿಂದ ಇಳಿಯದೆಯೇ ಕಾಗದದ ಸುರುಳಿ ಚಾಚಿದ.

"ಸಾರ್, ಇದಕ್ಕೊಂದು ಸೀಲ್ ಒತ್ತಿಬಿಡಿ."

"ಜಾಗ ಎಲ್ಲಿದೆ? ನೋಡ್ಬೇಕಲ್ಲ."

"ಜಾಗ ಯಾಕೆ ಸಾರ್? ಪ್ಲಾನ್ ಇದೆಯಲ್ಲ!"

"ಹಾಗಾದ್ರೆ ಮನೇನೂ ಈ ಪ್ಲಾನ್ ಮೇಲೇ ಕಟ್ಕೊಳ್ಳಿ" ಎಂದು ಭಾವ ಸುರುಳಿಯನ್ನು ಅವನ ಹ್ಯಾಂಡಲ್ಲಿಗೆ ಸಿಕ್ಕಿಸಿ ಕಳಿಸಿದರು.

ಆಮೇಲೆ ಕಕ್ಕಬೆಯಿಂದ ಒಬ್ಬರು ಹೋಂಸ್ಟೇಯವರು ಕಾರು ತಂದು ಮರ್ಯಾದೆಯಿಂದ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋದೆ. ಕಡಿದಾದ ಗುಡ್ಡದ ಅಂಚಿಗೆ ಮೂರು ಅಂತಸ್ತು ಎಬ್ಬಿಸುವುದು ಅವರ ಆಸೆ. ನಮ್ಮ ಭಾವ ಅಂಚಿನತ್ತ ತಿರುಗಿಯೂ ನೋಡದೆ ಕೆಳಗಿಳಿದು, ಬುಡದ ಒರತೆಯಲ್ಲಿ ಕೈ ಅದ್ದಿಕೊಂಡು ಒಂದು ಗಂಟೆ ಕುಳಿತರು. ಕೆಸರು ತೆಗೆದು ಮೂಸಿದರು! "ಸಾರ್‌ಗೆ ಎಂತ, ಹುಷಾರಿಲ್ವಾ?" ಎಂದು ಮಾಲೀಕರು ನನ್ನ ಕಿವಿಯಲ್ಲಿ ಕೇಳಿದರು.

ಕೊನೆಗೆ ಭಾವ ಎದ್ದು, "ರೂಮು ಕಡಿಮೆ ಮಾಡಿ, ಚರಂಡಿ ಜಾಸ್ತಿ ಮಾಡಿ" ಎಂದರು.

"ಚರಂಡಿ ನೋಡೋಕೆ ಗೆಸ್ಟ್ ಬರುದುಂಟಾ ಸಾರ್?"

"ಚರಂಡಿ ಇಲ್ದಿದ್ರೆ ಗುಡ್ಡವೇ ಗೆಸ್ಟಾಗಿ ಒಳಗೆ ಬರುತ್ತೆ!"

ಕಾರಿನಲ್ಲಿ ಹೋದವರು ಬಸ್ಸಿನಲ್ಲಿ ವಾಪಸಾದೆವು. ದಾರಿಯುದ್ದಕ್ಕೂ ಭಾವ ಆ ಒರತೆಯನ್ನು ಹೊಗಳಿದ್ದೇ ಹೊಗಳಿದ್ದು.

ಅಷ್ಟರಲ್ಲಿ ಎದುರುಗಡೆ ಇನ್ನೊಬ್ಬರು ಇಂಜಿನಿಯರ್ ಅಂಗಡಿ ತೆರೆದರು. ಅವರಿಗೂ ಲೈಸೆನ್ಸ್ ಇತ್ತು, ಸೀಲಿತ್ತು. ಭಾವನ ಹುಚ್ಚು ಮಾತ್ರ ಇರಲಿಲ್ಲ. ಅಲ್ಲಿ ಜನ ಸಾಲುಗಟ್ಟಿದರು. ಇಲ್ಲಿ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಳು. ನನಗೆ ಮೈ ಉರಿಯದೆ ಇರುತ್ತದೆಯೇ?

ನಿಜವಾಗಿ ಉರಿದದ್ದು ನನ್ನದೇ ಸರದಿ ಬಂದಾಗ. ನಮ್ಮ ಕಾಫಿ ತೋಟದ ಮೇಲ್ತುದಿಯಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಕಟ್ಟಲು ಹೊರಟಿದ್ದೆ. ಭಾವ ಬಂದು ಹಾರೆಯಲ್ಲಿ ಅಲ್ಲಲ್ಲಿ ಕುಕ್ಕಿ ನೋಡಿ ತಲೆ ಅಲ್ಲಾಡಿಸಿದರು.

"ಆಗಲ್ಲ ಕಣಯ್ಯ. ಇಲ್ಲಿ ಗುಡ್ಡದ ಬರೆ ಕಡಿದ್ರೆ ಮೇಲಿನ ಮಣ್ಣು ಪೂರ್ತಿ ಜಾರುತ್ತೆ."

"ಆ ಸೀಲು ಮಾಡಿಸಿಕೊಟ್ಟಿದ್ದು ನಾನು, ಭಾವ!"

"ಹೌದು. ಅದಕ್ಕೇ ನಿಂಗೆ ಒತ್ತಲ್ಲ."

ಮೂರು ತಿಂಗಳು ಮಾತು ಬಿಟ್ಟೆ. ಎದುರಿನ ಅಂಗಡಿಗೆ ಹೋದೆ. ತರಿಸಿದ ಟೀ ಆರುವ ಮೊದಲೇ ನನ್ನ ಪ್ಲಾನಿನ ಮೇಲೆ ಸೀಲು ಬಿತ್ತು. ಭಾವನಿಗೆ ಕಾಣಲಿ ಎಂದೇ ಅದನ್ನು ಬೀದಿಯಲ್ಲಿ ಬಿಚ್ಚಿ ಹಿಡಿದುಕೊಂಡು ಬಂದೆ. ಇಷ್ಟು ಸಣ್ಣವನಾಗಬಹುದೇ ಮನುಷ್ಯ? ಆದೆ.

ಜೆಸಿಬಿ ಬರಬೇಕಿದ್ದುದರ ಹಿಂದಿನ ದಿನ ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ ತೋಟದ ಮೇಲ್ತುದಿಗೆ ಹೋದರೆ ಗುದ್ದಲಿಯ ಸದ್ದು. ಭಾವ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಅಗೆಯುತ್ತಿದ್ದರು. ಅಕ್ಕ ಅವರಿಗೆ ಕೊಡೆ ಹಿಡಿದು ತಾನು ನೆನೆಯುತ್ತಿದ್ದಳು.

"ಯಾರು ಹೇಳಿದ್ದು ನಿಮಗೆ ಇದನ್ನ ಮಾಡೋಕೆ?" ಎಂದು ಕಿರುಚಿದೆ.

"ನೀನಂತೂ ಕಟ್ಟೋನೇ. ನೀರಾದ್ರೂ ಪಕ್ಕಕ್ಕೆ ಹೋಗ್ಲಿ ಅಂತ..." ಭಾವ ತಲೆ ಎತ್ತಲಿಲ್ಲ. "ಚರಂಡಿ ತೋಡೋಕೆ ಲೈಸೆನ್ಸ್ ಬೇಡವಲ್ಲ?"

ಅವರ ಅಂಗೈ ತುಂಬ ಗುಳ್ಳೆಗಳೆದ್ದಿದ್ದವು. ನಾನು ಗುದ್ದಲಿ ಕಿತ್ತುಕೊಂಡೆ. ಜೆಸಿಬಿಯವನಿಗೆ ಬರಬೇಡ ಎಂದು ಫೋನ್ ಮಾಡಿದ್ದು ಆಮೇಲೆ. ಮೊದಲು ಆ ಚರಂಡಿಯನ್ನು ತೋಡಿ ಮುಗಿಸಿದೆ. ಭಾವ ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಇಳಿಜಾರು ಕೊಡು" ಎನ್ನುತ್ತಿದ್ದರು. ಕೊಟ್ಟೆ. ಅವರು ಕನ್ಸಲ್ಟೆಂಟ್ ಆದ ಮೇಲೆ ಅವರ ಸಲಹೆಯನ್ನು ಒಬ್ಬರು ಕೇಳಿದ್ದು ಅದೇ ಮೊದಲು.