ಅಕ್ಕ ಯಾರು, ತಂಗಿ ಯಾರು?

ಹಿರಿಯರು ಹುಟ್ಟಿದ ದಿನ ವಿಚಾರಿಸಲು ಹೊರಟವನಿಗೆ ತಾರೀಕು ಸಿಗುತ್ತದೋ ಇಲ್ಲವೋ, ಹೊಟ್ಟೆ ಹುಣ್ಣಾಗುವಷ್ಟು ನಗು ಮಾತ್ರ ಮನೆಮನೆಯಲ್ಲೂ ಸಿಗುತ್ತದೆ. ಅರಸೀಕೆರೆಯಲ್ಲಿ ನಮ್ಮ ಕುಟುಂಬದವರೆಲ್ಲ ಸೇರುವ ದಿನಕ್ಕೆ ವಂಶವೃಕ್ಷ ಬರೆದು ನೇತುಹಾಕುವ ಕೆಲಸ ನನ್ನ ತಲೆಗೆ ಬಂತು. ಹಿರಿಯರು ಕಿರಿಯರು ಅದಲುಬದಲಾದರೆ ನಮ್ಮವರು ಏಳು ತಲೆಮಾರಿಗಾಗುವಷ್ಟು ಆಡಿಕೊಳ್ಳುತ್ತಾರೆ.

ತೆಂಗಿನಮರದ ಸಾಕ್ಷಿ

ಕಣಕಟ್ಟೆಯ ದೊಡ್ಡಪ್ಪ ತೋಟದ ಒಂದು ಮರ ತೋರಿಸಿ, "ನಿಮ್ಮ ಮುತ್ತಜ್ಜ ಹುಟ್ಟಿದ ದಿವ್ಸ ನೆಟ್ಟ ಮರ ಕಣಪ್ಪ. ಇದರ ವಯಸ್ಸೇ ಅವರ ವಯಸ್ಸು" ಎಂದರು. ನಾನು ಭಕ್ತಿಯಿಂದ ಕೈಮುಗಿದೆ. ಅಷ್ಟರಲ್ಲಿ ಬುತ್ತಿ ತಂದ ದೊಡ್ಡಮ್ಮ, "ಆ ಮರ ಸುಳಿ ಕೊಳೆತು ಯಾವತ್ತೋ ಬಿತ್ತು. ಇದು ನಾನು ಮದ್ವೆಯಾಗಿ ಬಂದ್ಮೇಲೆ ನೆಟ್ಟಿದ್ದು" ಎಂದರು.

ದೊಡ್ಡಪ್ಪ ಜಗ್ಗಲಿಲ್ಲ. "ಮರ ಬ್ಯಾರೆ ಇರಬೋದು. ಗುಂಡಿ ಅದೇ ಐತಲ್ಲ!"

ಮೇಷ್ಟ್ರ ಹೆರಿಗೆ

ಹಳೇಬೀಡಿನ ಚಿಕ್ಕಜ್ಜನಿಗೆ ನಾಲ್ವರು ಅಣ್ಣತಮ್ಮಂದಿರು. ಶಾಲೆಯ ದಾಖಲೆ ನೋಡಿದರೆ ಐವರೂ ಹುಟ್ಟಿದ್ದು ಜೂನ್ ಒಂದರಂದು! "ಇದೇನಜ್ಜ ಹೀಗೆ?" ಎಂದೆ. ತಲೆ ಮೇಲಿಂದ ಕೈ ಹಾಕಿ ಕಿವಿ ಮುಟ್ಟಿದರೆ ಸಾಕು, ಶಾಲೆಗೆ ಸೇರಿಸಿಕೊಂಡು ತಾರೀಕನ್ನು ಮೇಷ್ಟ್ರೇ ಹಾಕುತ್ತಿದ್ದರಂತೆ.

"ನಮ್ಮವ್ವ ಹೆತ್ತಿದ್ದು ಬ್ಯಾರೆ ಬ್ಯಾರೆ ದಿನ ಕಣ್ಲಾ. ಮೇಷ್ಟ್ರು ಹೆತ್ತಿದ್ದು ಒಂದೇ ದಿನ!"

ಮಂಡಿಯ ತೀರ್ಪು

ಕೊನೆಗೆ ಉಳಿದದ್ದು ಒಂದೇ ತೊಡಕು. ನಮ್ಮಜ್ಜಿ ಇರುವುದು ಬೇಲೂರಲ್ಲಿ, ಅವರ ಒಡಹುಟ್ಟು ಬಿಕ್ಕೋಡಿನಲ್ಲಿ. ಇಬ್ಬರಲ್ಲಿ ಯಾರು ದೊಡ್ಡವರು? ನಮ್ಮಜ್ಜಿ "ಅವಳೇ ಅಕ್ಕ" ಅಂದರು. ಬಸ್ಸು ಹತ್ತಿ ಬಿಕ್ಕೋಡಿಗೆ ಹೋದರೆ ಆ ಅಜ್ಜಿ, "ನನ್ನ ಎತ್ತಿ ಆಡಿಸಿದ್ದೇ ಅವಳು" ಅಂದರು. ಹಲ್ಲೆಲ್ಲ ಉದುರಿದ್ದರೂ ದೊಡ್ಡವಳಾಗಲು ಇಬ್ಬರೂ ತಯಾರಿಲ್ಲ. ನನಗೋ ಇಬ್ಬರೂ ಪ್ರಾಣ, ಯಾರನ್ನೂ ನೋಯಿಸುವಂತಿಲ್ಲ.

ಎಲ್ಲರೂ ಸೇರಿದ ದಿನ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆವು. ಇವರು ಅವರನ್ನು "ಅಕ್ಕಾ" ಅನ್ನುವುದು, ಅವರು ಇವರನ್ನು "ಅಕ್ಕಾ" ಅನ್ನುವುದು. ವಂಶವೃಕ್ಷದಲ್ಲಿ ಆ ಜಾಗ ಇನ್ನೂ ಖಾಲಿ. ನನಗೆ ಅಳು ಬರುವುದೊಂದು ಬಾಕಿ. ಆಗ ನಮ್ಮತ್ತೆ ಎದ್ದು, "ಸರಿ ಹಂಗಾದ್ರೆ, ತಂಗಿಯಾದೋರು ಅಕ್ಕನ ಕಾಲಿಗೆ ಬಿದ್ದು ಆಶೀರ್ವಾದ ತಗೊಳ್ಳಿ" ಅಂದರು.

ಇಬ್ಬರೂ ತಮ್ಮ ತಮ್ಮ ಮಂಡಿ ಹಿಡಿದುಕೊಂಡರು.

"ನಾನೇ ಅಕ್ಕ ಕಣೇ!" ಅಂದರು ನಮ್ಮಜ್ಜಿ.

"ಅದೆಂಗಾಯ್ತದೆ? ನಾನೇ ಅಕ್ಕ!" ಅಂದರು ಬಿಕ್ಕೋಡಿನ ಅಜ್ಜಿ.

ನಾನು ಪೆನ್ನು ಹಿಡಿದು ಬೆಪ್ಪಾಗಿ ನಿಂತೆ. ನಮ್ಮಜ್ಜಿಗೆ ಕನಿಕರ ಬಂತು.

"ಅವಳಿ ಜವಳಿ ಅಂತ ಬರ್ಕೊಳೋ, ಯಾರೂ ಬಗ್ಗೋದು ಬ್ಯಾಡ!"