ಚಿಕ್ಕಮಾದುವಿನ ಪದ, ನಟರಾಜನ ರಜೆ

ಆ ಬೆಳಗ್ಗೆ ದೇವನೂರಿನ ಮೇಲೆ ಮೋಡ ತಗ್ಗಿ ಬಂದು, ಹನಿಯಲೋ ಬೇಡವೋ ಎಂದು ಯೋಚಿಸುತ್ತ ನಿಂತಿತ್ತು. ನಟರಾಜ ಮಾತ್ರ ಯೋಚನೆ ಮುಗಿಸಿದ್ದ. ಮೂರು ಕೆಲಸಕ್ಕೂ ಫೋನು ಮಾಡಿ "ಇವತ್ತು ಬರಲ್ಲ" ಎಂದುಬಿಟ್ಟ. ಜ್ವರವಿಲ್ಲ, ಸೂತಕವಿಲ್ಲ. ಸುಮ್ಮನೆ ಬರಲ್ಲ.

ನಸುಕಿನಲ್ಲಿ ಊರಿನ ಡೇರಿಯಲ್ಲಿ ಹಾಲು ಅಳೆಯುವುದು, ಹಗಲು ನಂಜನಗೂಡಿನ ಒಂದು ಶಾಲೆಯಲ್ಲಿ ಗುಮಾಸ್ತಿಕೆ, ಸಂಜೆ ಟಿ. ನರಸೀಪುರದ ಛತ್ರದಲ್ಲಿ ಮೈಕು ಹಿಡಿದು "ಎರಡನೇ ಪಂಕ್ತಿಯವರು ಊಟಕ್ಕೆ ಬರಬೇಕು" ಎಂದು ಕೂಗುವುದು. ಇಷ್ಟೂ ದುಡಿಮೆ ಅವನ ನಡುಮನೆಯ ಎರಡು ಸ್ಪೀಕರುಗಳಿಗೇ ಹೋಗುತ್ತಿತ್ತು. ಎದೆಮಟ್ಟದ ಆ ಸ್ಪೀಕರುಗಳು ಗುಡಿಯ ದ್ವಾರಪಾಲಕರಂತೆ ನಿಂತಿದ್ದವು. "ಆ ದುಡ್ಡಲ್ಲಿ ಎಲ್ಡು ಸೀಮೆ ಹಸ ಬತ್ತಿದ್ವು" ಎಂದು ಊರು ಆಡಿಕೊಂಡಾಗ ನಟರಾಜ, "ಹಸ ನಮ್ಮಪ್ಪನ ಪದ ಹಾಡ್ತದಾ?" ಎಂದಿದ್ದ.

ಅವನ ಅಪ್ಪ ಚಿಕ್ಕಮಾದು ತಂಬೂರಿ ಮೀಟುತ್ತ ಮನೆಮನೆಯ ಬಾಗಿಲಲ್ಲಿ ದೇವರ ಪದ ಹಾಡಿದವನು. ಅವನು ಸಾಯುವ ಮುಂಚೆ ಯಾರೋ ಪುಣ್ಯಾತ್ಮರು ಒಂದು ಪದವನ್ನು ರೆಕಾರ್ಡು ಮಾಡಿಕೊಂಡಿದ್ದರು. ಫೋನಿನಲ್ಲಿ ಹಾಕಿದರೆ ತಂಬೂರಿ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯಾಗುತ್ತಿತ್ತು. ಅಪ್ಪನ ದನಿ ಅಪ್ಪನ ದನಿಯಂತೆಯೇ ಕೇಳಬೇಕೆಂದು ಕಂತಿನ ಮೇಲೆ ಸೆಟ್ಟು ತಂದ. ತಂದು ವರ್ಷವಾದರೂ, ಕಂತಿಗಾಗಿ ಓಡುವುದರಲ್ಲಿ, ಆ ಪದವನ್ನು ಒಮ್ಮೆಯೂ ಕೊನೆಯ ಮಂಗಳದವರೆಗೆ ಕೇಳಿರಲಿಲ್ಲ.

ಇವತ್ತು ಕೇಳಿಯೇ ತೀರುವುದೆಂದು ಕುರ್ಚಿ ಎಳೆದು ಕೂತು ಸ್ವಿಚ್ಚು ಒತ್ತಿದ. ಕರೆಂಟು ಹೋಯಿತು.

"ಬರೋದು ಮಧ್ಯಾಹ್ನಾನೇ" ಎಂದಳು ಹೆಂಡತಿ ಇಂದ್ರಾಣಿ, ಯಾಕೋ ಗಾಬರಿಯಿಂದ.

"ಬರ್ಲಿ. ಕಾಯ್ತೀನಿ."

ಅಷ್ಟರಲ್ಲಿ ಡೇರಿ ಸೆಕ್ರೆಟರಿ ನಿಂಗರಾಜು ಬೈಕಿನಲ್ಲಿ ಏದುಸಿರು ಬಿಡುತ್ತ ಬಂದ, ಓಡಿದ್ದು ಬೈಕಲ್ಲ ತಾನೇ ಎಂಬಂತೆ. ಕಂತು ಕಟ್ಟಲಾರದೆ ನಟರಾಜ ಒದ್ದಾಡುವಾಗ ಶಾಲೆಯ ಕೆಲಸ, ಛತ್ರದ ಕೆಲಸ ಎರಡನ್ನೂ ಕೊಡಿಸಿದ ಧರ್ಮಾತ್ಮ ಅವನು.

"ಏನ್ಲಾ, ಮಧ್ಯಾಹ್ನಾನೂ ಮನೇಲೇ ಇರ್ತೀಯಾ?"

"ಇರ್ತೀನಿ ಕಣಣ್ಣ."

ನಿಂಗರಾಜುವಿನ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು. "ಬ್ಯಾಡ ಕಣ್ಲಾ. ಕೆಲ್ಸ ಬ್ಯಾಡ ಅಂದ್ರೆ ತಲಕಾಡ್‌ಗಾದ್ರೂ ಓಗ್ಬಾ. ಬಸ್ ಚಾರ್ಜು ನಂದು."

"ಸೋಸಲೇಲಿ ನಿಮ್ಮಕ್ಕಂಗೆ ಉಸಾರಿಲ್ವಂತೆ, ನೋಡ್ಕಂಡಾದ್ರೂ ಬನ್ನಿ" ಎಂದಳು ಇಂದ್ರಾಣಿ.

"ಅಕ್ಕ ಈಗ್ತಾನೆ ಫೋನ್ ಮಾಡಿ ನಕ್ಕವ್ಳೆ."

"ಸುಮ್ಸುಮ್ನೆ ನಗೋದೂ ಒಂದು ಕಾಯಿಲೇನೇ."

"ಇಡೀ ತಾಲ್ಲೂಕು ಬಂದು ಕರುದ್ರೂ ಈ ಕುರ್ಚಿ ಬುಟ್ಟು ಏಳಕಿಲ್ಲ!" ಎಂದ ನಟರಾಜ.

ಊಟ ಮಾಡಿದ್ದೂ ಕುರ್ಚಿಯಲ್ಲೇ. ಕರೆಂಟು ಬಂತು. ಅದರ ಬೆನ್ನಿಗೇ ಬಾಗಿಲು ತೆರೆಯಿತು.

ನಿಂಗರಾಜುವಿನ ತಾಯಿ ಚಾಮುಂಡಮ್ಮ ಒಳಗೆ ಬಂದಳು. ಚಿಕ್ಕಮಾದು ಬದುಕಿರುವತನಕ ಈ ಬೀದಿಗೆ ಕಾಲಿಡದಿದ್ದ ಗೌಡತಿ, ತನ್ನ ಅಡುಗೆಮನೆಗೆ ಬಂದಷ್ಟು ಸಲೀಸಾಗಿ ಬಂದಳು. ಹಿಂದೆ ಪಕ್ಕದ ಮನೆಯ ಮಂಗಳಮ್ಮ, ಇನ್ನೂ ನಾಲ್ಕಾರು ಹೆಂಗಸರು, ಕೊನೆಗೆ ಬೆಳಗ್ಗಿನಿಂದ ಹೊರಗೇ ಸುಳಿದಾಡುತ್ತಿದ್ದ ನಿಂಗರಾಜು.

"ಇದ್ಯಾಕ್ಲಾ ನಟರಾಜ, ಮನೇಲಿದ್ದೀಯೆ? ಏಳು, ಅದು ನನ್ ಜಾಗ."

ನಟರಾಜ ಹೆಂಡತಿಯನ್ನು ನೋಡಿದ. ಹೆಂಡತಿ ಗೋಡೆ ನೋಡಿದಳು. "ದಿನಾ ಬತ್ತಾರೆ ಕಣ್ರೀ. ಮಾವನ ಪದ ಕೇಳದೆ ಅವ್ವಂಗೆ ಊಟ ಇಳಿಯಾಕಿಲ್ಲ."

ಚಾಮುಂಡಮ್ಮ ಮಗನ ಕಡೆ ತಿರುಗಿದಳು. "ಲೇ ನಿಂಗ, ಇವ್ನು ಮಧ್ಯಾಹ್ನ ಊರಲ್ಲಿಲ್ದಂಗೆ ಒಂದು ಕೆಲ್ಸ ಕೊಡ್ಸು ಅಂದಿದ್ನಲ್ಲೋ!"

"ಶಾಲೆ ಕೆಲ್ಸ ಅದ್ಕಾ?" ನಟರಾಜ ಬಾಯಿಬಿಟ್ಟ.

"ಛತ್ರದ್ದೂ ಅದ್ಕೇಯ" ಎಂದ ನಿಂಗರಾಜು ಉಗುರು ನೋಡಿಕೊಳ್ಳುತ್ತ. "ಮಧ್ಯಾಹ್ನ ಒಂದೇ ಸಾಲ್ದು, ಸಂಜೇನೂ ಕೇಳ್ಬೇಕು ಅಂದ್ರು ಅವ್ವ."

ನಟರಾಜ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. "ಅಪ್ಪ ನನ್ನೋನು, ಕುರ್ಚಿ ನಂದು, ಕಂತು ನಂದು. ಏಳಕಿಲ್ಲ ಕಣವ್ವ! ಕೇಳೋದಾದ್ರೆ ಕೆಳಗೆ ಕುಂತ್ಕೊಳ್ಳಿ."

ಚಾಮುಂಡಮ್ಮ ಅವನನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಚಿಕ್ಕಮಾದುವಿನ ಮನೆಯ ನೆಲದ ಮೇಲೆ ಕೂತಳು. "ಮೂರ್ನೇ ಸಾಲಲ್ಲಿ ನಿಮ್ಮಪ್ಪ ಕೆಮ್ತಾನೆ. ಅಲ್ಲಿ ಯಾರೂ ಸದ್ದು ಮಾಡ್ಬ್ಯಾಡಿ."

ಅಪ್ಪ ಕೆಮ್ಮುವುದು ಮಗನಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನಂತೆ ತಲೆಯಾಡಿಸಿ ಗುಂಡಿ ಒತ್ತಿದ. ತಂಬೂರಿ ಮಿಡಿಯಿತು. ಡಬ್ಬಿಯ ಜೀರುಂಡೆಯಲ್ಲ, ಅಪ್ಪನ ಬೆರಳೇ. ದನಿ ತುಂಬಿಬಂತು. ನಟರಾಜ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ್ದೇ ತಡ, ವರ್ಷದಿಂದ ಬಾಕಿಯಿದ್ದ ನಿದ್ದೆಯೆಲ್ಲ ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗುವ ನೆಂಟರಂತೆ ಒಟ್ಟಿಗೇ ನುಗ್ಗಿತು.

ಎಚ್ಚರವಾದಾಗ ಸಂಜೆ. ನೆಲ ಖಾಲಿ.

"ಪದ?"

"ಮಂಗಳ ಆಗಿ ಎಷ್ಟೊತ್ತಾಯ್ತು. ನಿಮ್ ಗೊರಕೆ ಮೀರ್ಸಕ್ಕೆ ಸೌಂಡು ಜಾಸ್ತಿ ಮಾಡ್ಬೇಕಾಯ್ತು" ಎಂದಳು ಇಂದ್ರಾಣಿ.

"ಇನ್ನೊಂದ್ಸಲ ಹಾಕು."

"ಕರೆಂಟ್ ಓಯ್ತು."

"ಹಂಗಾದ್ರೆ ನಾಳೇನೂ ರಜ!" ನಟರಾಜ ಗುಡುಗಿದ.

ಹೊಸಿಲಲ್ಲಿ ನೆರಳಾಡಿತು. ಚಾಮುಂಡಮ್ಮ ಮತ್ತೆ ಬಂದಿದ್ದಳು, ಕೈಯಲ್ಲಿ ಮೊರ. ಮೊರದ ತುಂಬ ರಾಗಿ, ಮೇಲೊಂದು ವೀಳ್ಯದೆಲೆ. ಬಾಗಿಲಲ್ಲಿ ಪದ ಹಾಡಿದವನಿಗೆ ಮನೆಯಾಕೆ ನೀಡುವ ಪಡಿ. ಅದನ್ನು ಕುರ್ಚಿಯಲ್ಲಿದ್ದವನ ತೊಡೆಯ ಮೇಲಿಟ್ಟಳು.

"ನಿಮ್ಮಪ್ಪಂದು ಕಣಪ್ಪ" ಎಂದು ಮೆಲ್ಲಗೆ ಹೇಳಿ, ಹೊಸಿಲು ದಾಟಿದಳು.