ಹೊಸ್ತಿಲು ದಾಟದ ವಿಮೆ

ಶಾಂತಲಿಂಗಪ್ಪ ಬೆಳಿಗ್ಗೆ ಚಹಾ ಕುಡಿಯುತ್ತ ಪಡಸಾಲೆಯಲ್ಲಿ ಕೂತು "ಬೆಂಕಿ" ಎಂದದ್ದೇ ತಪ್ಪಾಯಿತು.

"ಏನಂದ್ರಿ?" ಎಂದು ಗುರುಬಾಯಿ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಒಳಗಿನಿಂದ ಬಂದಳು.

"ಇವತ್ತ ಗುಲಬರ್ಗಾದಿಂದ ವಿಮಾ ಸಾಹೇಬ್ರು ಬರ್ತಾರ. ಮನಿಗಿ ವಿಮಾ ಮಾಡಸ್ತೇನಿ. ನಾಳಿಗಿ ಬೆಂಕಿ ಬಿದ್ರ, ಭೂಕಂಪ ಆದ್ರ..."

"ಬಾಯಿ ಮುಚ್ರಿ! ಹೊಸಾ ಮನ್ಯಾಗ ಕುಂತು ಎಂಥಾ ಮಾತಾಡ್ತೀರಿ? ವಾಸ್ತುದೇವ್ರು ಯಾವಾಗ ನೋಡಿದ್ರೂ ಅಸ್ತು ಅಸ್ತು ಅಂತಿರ್ತಾನ. ನೀವಂದಿದ್ದಕ್ಕೂ ಅಸ್ತು ಅಂದ್ನಂದ್ರ?"

ಶಾಂತಲಿಂಗಪ್ಪ ಸೂರು ನೋಡಿದ. ಆಳಂದದ ದನದ ದವಾಖಾನೆಯಲ್ಲಿ ಕಂಪೌಂಡರನಾಗಿ ಹದಿನಾಲ್ಕು ವರ್ಷ ಎಮ್ಮೆಗಳ ಒದೆ ತಿಂದು, ಸಾಲದ್ದಕ್ಕೆ ಗುರುಬಾಯಿಯ ಪಾಟ್ಲಿ ಬಿಲ್ವಾರದ ಬಂಗಾರದ ಬಳೆ ಮಾರಿ ಎಬ್ಬಿಸಿದ ಮನೆ ಅದು. ಗೃಹಪ್ರವೇಶವಾಗಿ ಎರಡು ತಿಂಗಳಿಗೆ ಕಿಲ್ಲಾರಿಯ ಕಡೆ ಭೂಕಂಪವಾಯಿತು. ಸತ್ತವರ ಸುದ್ದಿ ಕೇಳಿ ಇಡೀ ಊರು ಅತ್ತಿತ್ತು. ತಿಂಗಳು ಕಳೆದರೂ ಯಾರೂ ಸೂರಿನ ಕೆಳಗೆ ಮಲಗುತ್ತಿರಲಿಲ್ಲ. ಅದರ ಮೇಲೆ, ಇವತ್ತು ಸಂಜೆ ನಾಲ್ಕಕ್ಕೆ ಮತ್ತೆ ಭೂಮಿ ನಡುಗುತ್ತದೆ ಎಂಬ ಸುದ್ದಿ ನಿನ್ನೆಯಿಂದ ಓಣಿ ಓಣಿ ಸುತ್ತುತ್ತಿತ್ತು. ಈ ಮನೆ ಹೋದರೆ ಇನ್ನೊಂದು ಕಟ್ಟಲು ಇನ್ನೊಂದು ಜನ್ಮ ಬೇಕು ಎಂದು ಶಾಂತಲಿಂಗಪ್ಪನಿಗೆ ಗೊತ್ತಿತ್ತು. ನಾಲ್ಕರೊಳಗೆ ವಿಮೆಯ ಕಾಗದ ಕೈಗೆ ಬರಲೇಬೇಕಿತ್ತು.

"ಮಾಡಸ್ರಿ, ನಾ ಬ್ಯಾಡನ್ನಂಗಿಲ್ಲ," ಎಂದಳು ಗುರುಬಾಯಿ. "ಖರೇ ಆ ಸಾಹೇಬ ನಮ್ಮ ಹೊಸ್ತಿಲ ದಾಟಬಾರ್ದು. ಅಂಥಾ ಸುಡಗಾಡು ಮಾತು ನಮ್ಮ ಸೂರಿನ ಕೆಳಗ ಬ್ಯಾಡ."

"ಮತ್ತ ಅವರ್ನ ಎಲ್ಲಿ ಕುಂದ್ರಸ್ಲಿ, ಬೇ?"

"ಎದುರ ಚಮನಸಾಬ ಕಾಕಾರ ಕಟ್ಟಿ ಅದಲ್ಲ? ಕಟ್ಟಿ ಮನಿ ಹೊರಗಿಂದು. ಅವರಿಗೇನೂ ಹತ್ತಂಗಿಲ್ಲ."

ಎದುರು ಮನೆಯ ಚಮನಸಾಬ ಮುಪ್ಪಿನಲ್ಲೂ ಕಟ್ಟೆಯ ಮೇಲೆ ಹೊಲಿಗೆ ಮಿಶಿನ್ನು ತುಳಿಯುವ ಟೇಲರು. "ಅರೆ, ಬಂದು ಕೂಡ್ರಿ, ಅದಕ್ಯಾಕ ಕೇಳ್ತಿ?" ಎಂದು ಆತ ಮಿಶಿನ್ನು ಒಂದು ಮಗ್ಗುಲಿಗೆ ಸರಿಸಿಟ್ಟ.

ಹನ್ನೊಂದಕ್ಕೆ ಬರಬೇಕಾದ ಸಾಹೇಬರು ಬಸ್ಸಿನಿಂದ ಇಳಿದಾಗ ಎರಡೂವರೆ. ಅಲ್ಲಿಯತನಕ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿಂತು ಶಾಂತಲಿಂಗಪ್ಪನ ಕಾಲು ಕಂಬವಾಗಿದ್ದವು. ಸಾಹೇಬರು ಇಳಿದವರೇ, "ನೋಡ್ರಿ, ಮೂರೂವರಿ ಬಸ್ಸಿಗಿ ನಾ ಹೊಳ್ಳಿ ಹೋಗ್ಬೇಕು. ನಾಲ್ಕಕ್ಕ ನಾ ಈ ಊರಾಗ ಇರಂಗಿಲ್ಲ," ಎಂದರು. ಸುದ್ದಿ ಗುಲಬರ್ಗಾ ತನಕ ಮುಟ್ಟಿತ್ತು.

ಹೆಂಡತಿ ಒಳಗೆ ಬಿಡುವುದಿಲ್ಲ ಎಂದು ದೊಡ್ಡ ಊರಿನ ಸಾಹೇಬರ ಮುಂದೆ ಹೇಗೆ ಹೇಳುವುದು? ಶಾಂತಲಿಂಗಪ್ಪ ಏನೂ ಹೇಳದೆ ನೆಟ್ಟಗೆ ಕರೆತಂದು ಚಮನಸಾಬನ ಕಟ್ಟೆಯ ಮೇಲೆ ಕೂಡಿಸಿದ. ಚಮನಸಾಬನ ಹೆಂಡತಿ ವಜೀರುನ್ನಿಸಾ ಒಳಗಿನಿಂದ ಚಹಾ ಕಳಿಸಿದಳು. ಕರೆಯದೇ ಬರುವುದರಲ್ಲಿ ಓಣಿಗೇ ಮೊದಲಿಗನಾದ ಪಕ್ಕದ ಮನೆಯ ಬಸವಂತರಾಯ ಧೋತರದ ಚುಂಗು ಹಿಡಿದುಕೊಂಡು ಬಂದು ಕೂತ.

"ಯಾವ್ಯಾವುದಕ್ಕ ಬೇಕ್ರಿ? ಬೆಂಕಿ ಮೂಲ ಪಾಲಿಸಿ. ಭೂಕಂಪ ಬೇಕಂದ್ರ ಮ್ಯಾಲೆ ಜಾಸ್ತಿ. ಕಳುವಿಗಿ ಬ್ಯಾರೆ ಪಾಲಿಸಿ," ಎಂದರು ಸಾಹೇಬರು, ಗಟ್ಟಿ ದನಿಯಲ್ಲಿ.

ಎದುರಿನ ಹೊಸ್ತಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಗುರುಬಾಯಿ ಕೂಗಿದಳು: "ಸಣ್ಣಗ ಮಾತಾಡ್ರಿ! ದನಿ ಒಳಗ ಬರಾಕತ್ತದ!"

ಶಾಂತಲಿಂಗಪ್ಪ ಸಾಹೇಬರ ಕಿವಿಯ ಹತ್ತಿರ ಬಗ್ಗಿದ. "ಸಾಹೇಬ್ರ, ಹೆಸರ ಹೇಳಬ್ಯಾಡ್ರಿ," ಎಂದು ಪಿಸುಗುಟ್ಟಿದ. "ನನಗ ಆ ಕೆಂಪಂದು ಬೇಕು. ಆ ಅಲುಗೋದೂ ಬೇಕು."

"ಕೆಂಪಂದು ಅಂದ್ರ?"

"ಅದೇರಿ, ಒಲ್ಯಾಗ ಇರ್ತದಲ್ಲ, ಅದು."

"ರೊಟ್ಟಿಗಿ ವಿಮಾ ಮಾಡಂಗಿಲ್ರಿ ನಾವು!"

ಬಸವಂತರಾಯ ನಡುವೆ ಬಾಯಿ ಹಾಕಿದ. "ಶಾಂತಪ್ಪ, ಬುದ್ಧಿ ಅದ ಏನೋ ನಿನಗ? ಊರ ಮಂದಿ ಎಲ್ಲಾ ಬೀದ್ಯಾಗ ಮಲಗಾಕತ್ತಾರ. ಹಿಂದಿನ ಬಾಗಿಲಿಂದ ಯಾರರೆ ಹೊಕ್ರ ಕೇಳೋರು ಯಾರು? ಕಳುವಿಂದೇ ತಗೋ."

"ಗ್ವಾಡಿನೇ ಬಿದ್ರ ಕಳ್ಳ ಬಂದು ಏನ್ ಒಯ್ತಾನ್ರಿ ರಾಯರ?" ಎಂದ ಚಮನಸಾಬ. "ಶಾಂತಪ್ಪ, ಭೂಮಿದೇ ಹಿಡಿ."

"ಆ ಮಾತ ಯಾರಂದ್ರು?" ಎಂದು ಎದುರಿನಿಂದ ಮತ್ತೆ ಕೂಗು ಬಂತು.

ಸಾಹೇಬರು ಕಾಗದದಿಂದ ಕತ್ತೆತ್ತಿದರು. "ಯಾರ್ರಿ ಆ ಹೆಣ್ಮಗಳು? ನಾ ಬಾಯಿ ಬಿಟ್ರ ಸಾಕು ಒದರಾಕತ್ತಾರ."

ಶಾಂತಲಿಂಗಪ್ಪನಿಗೆ ಭೂಮಿ ಆಗಲೇ ಬಾಯ್ದೆರೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು. "ಎದುರ ಮನಿಯವರ್ರಿ. ನೀವು ಬರೀರಿ," ಎಂದುಬಿಟ್ಟ.

ಮೂರು ಗಂಟೆ ಹತ್ತು ನಿಮಿಷ. ಎಷ್ಟು ಖೋಲಿ, ಯಾವ ಕಲ್ಲು, ಸೂರು ಯಾವುದರದ್ದು ಎಂದು ಸಾಹೇಬರು ಕೇಳುವುದು, ಶಾಂತಲಿಂಗಪ್ಪ ಎದುರಿನ ಹೊಸ್ತಿಲನ್ನು ಓರೆಗಣ್ಣಿನಿಂದ ನೋಡುತ್ತ ಪಿಸುದನಿಯಲ್ಲಿ ಉತ್ತರಿಸುವುದು. ಸಾಹೇಬರು ಎದ್ದು ಕಟ್ಟೆಯ ಹಿಂದಿನ ಗೋಡೆಯನ್ನು ಎರಡು ಸಲ ತಟ್ಟಿ, ಮೇಲೆ ಕೆಳಗೆ ನೋಡಿ, ಏನೋ ಬರೆದುಕೊಂಡರು. "ಒಳಗ ಬಂದು ಕೂಡ್ರಲ್ಲ?" ಎಂದು ಚಮನಸಾಬ ಮರ್ಯಾದೆಗೆ ಕರೆದ. ಸಾಹೇಬರು ಗಡಿಯಾರ ನೋಡಿ, ಸೂರು ನೋಡಿ, "ಬ್ಯಾಡ, ಬ್ಯಾಡ," ಎಂದು ಕಟ್ಟೆಯಿಂದಲೇ ಕೆಳಗಿಳಿದರು.

ಕಡೆಗೆ ಕೆಂಪಂದು, ಅಲುಗೋದು ಎರಡೂ ಆಯಿತು. ಶಾಂತಲಿಂಗಪ್ಪ ತೋರಿಸಿದಲ್ಲೆಲ್ಲ ಸಹಿ ಹಾಕಿ, ವರ್ಷದ ಕಂತು ಕಟ್ಟಿದ. ಸಾಹೇಬರು ತಾತ್ಕಾಲಿಕ ಕಾಗದ ಹರಿದುಕೊಟ್ಟು, "ಈ ಗಳಿಗಿಯಿಂದ ವಿಮಾ ಶುರು. ಪಕ್ಕಾ ಕಾಗದ ಟಪಾಲಿಗಿ ಬರ್ತದ," ಎಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಶಾಂತಲಿಂಗಪ್ಪ ಒಂದು ತಿಂಗಳಿನಿಂದ ಎದೆಯಲ್ಲಿ ಹಿಡಿದಿಟ್ಟ ಉಸಿರನ್ನು ಬಿಟ್ಟ.

ಆದರೆ ಕಾಗದ ಒಳಗೆ ಬರುವುದಕ್ಕೂ ಗುರುಬಾಯಿ ಬಿಡಲಿಲ್ಲ.

"ಅದ್ರಾಗ ಆ ಮಾತೆಲ್ಲಾ ಬರದಾರಲ್ಲ? ಮೊದಲ ಮನಿಗಿ ಧೂಪ ಹಾಕ್ತೇನಿ. ಆಮ್ಯಾಲ ತರ್ರಿ."

ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಶಾಂತಲಿಂಗಪ್ಪ ಬೀದಿಯಲ್ಲಿ ನಿಂತ. ಅಷ್ಟರಲ್ಲಿ ನಾಲ್ಕಾಗುತ್ತ ಬಂದಿತ್ತು. ಓಣಿಯ ಮಂದಿಯೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಹೊರಗೆ ಬಂದು ನೆಲ ನೋಡುತ್ತ ನಿಂತರು. ಗುರುಬಾಯಿ ಒಬ್ಬಳೇ ಒಳಗೆ, ಕೆಂಡದ ತಟ್ಟೆಗೆ ಲೋಬಾನ ಉದುರಿಸುತ್ತ ಮೂಲೆ ಮೂಲೆ ತಿರುಗುತ್ತಿದ್ದಳು.

"ಗುರುಬಾಯಿ, ಸಾಕು, ಹೊರಗ ಬಾ!" ಎಂದು ಕೂಗಿದ ಶಾಂತಲಿಂಗಪ್ಪನ ದನಿ ನಿಜಕ್ಕೂ ನಡುಗುತ್ತಿತ್ತು. ಮನೆ ಹೋದರೆ ಹೋಗಲಿ, ಅವಳು ಹೊರಗಿರಲಿ ಎಂದು ಅವನ ಜೀವ ಬಾಯಿಗೆ ಬಂದಿತ್ತು.

ಸರಿಯಾಗಿ ಆಗಲೇ ಬಸವಂತರಾಯ ಗಡಿಯಾರ ನೋಡಿ ಚೀರಿದ: "ನಡುಗ್ತು! ನನ್ನ ಕಾಲಾಗ ನಡುಗ್ತು!"

ಗುರುಬಾಯಿ ತಟ್ಟೆ ಬಿಸಾಡಿ ಒಂದೇ ಓಟಕ್ಕೆ ಹೊರಗೆ ಬಂದು ಗಂಡನ ತೋಳು ಹಿಡಿದಳು. ತಟ್ಟೆ ಬಿದ್ದದ್ದು ಹೊರಗೆ ಮಲಗಲೆಂದು ಪಡಸಾಲೆಯಲ್ಲಿ ಒಟ್ಟಿದ್ದ ಕೌದಿಗಳ ಮೇಲೆ. ಮಂದಿಯೆಲ್ಲ ನೆಲವನ್ನೇ ನೋಡುತ್ತಿದ್ದುದರಿಂದ ಹೊಗೆ ಬಾಗಿಲಿಗೆ ಬರುವತನಕ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಕೊಡ, ಬಕೀಟು, ಹಂಡೆ, ಓಟ, ಕೂಗಾಟ. ಎಲ್ಲರಿಗಿಂತ ಮುಂದೆ ನಿಂತು ನೀರು ಎರಚಿದವನು ಚಮನಸಾಬ. ಬೆಂಕಿ ಆರುವಷ್ಟರಲ್ಲಿ ಪಡಸಾಲೆಯ ಜಂತಿಗಳು, ತೇಗದ ಬಾಗಿಲು ಇದ್ದಿಲಾಗಿದ್ದವು. ಆ ಗದ್ದಲದಲ್ಲಿ ಭೂಮಿ ನಡುಗಿತೋ ಬಿಟ್ಟಿತೋ ಯಾರೂ ನೋಡಲಿಲ್ಲ.

ಗುರುಬಾಯಿ ನೆಲಕ್ಕೆ ಕೂತು ಎದೆ ಬಡಿದುಕೊಂಡಳು. "ಅಳಬ್ಯಾಡ ಬೇ," ಎಂದ ಶಾಂತಲಿಂಗಪ್ಪ, ಕಿಸೆ ಮುಟ್ಟಿಕೊಂಡು. "ಕೆಂಪಂದರ ಕಾಗದ ಅದ ನಮ್ಮ ಹತ್ರ."

ಮೂರೂವರೆಯ ಬಸ್ಸು ಇನ್ನೂ ಬಂದಿರಲಿಲ್ಲ. ಶಾಂತಲಿಂಗಪ್ಪ ಬಸ್‌ಸ್ಟ್ಯಾಂಡಿಗೆ ಓಡಿ ಸಾಹೇಬರನ್ನು ಕೈಹಿಡಿದು ಎಳೆದುಕೊಂಡೇ ತಂದ. ಸಾಹೇಬರು ಸುಟ್ಟ ಬಾಗಿಲು ನೋಡಿದರು, ಕಾಗದ ನೋಡಿದರು, ಮತ್ತೆ ಬಾಗಿಲು ನೋಡಿದರು.

"ಪಾಪ, ಕೆಟ್ಟ ಆಯ್ತ್ರಿ. ಖರೇ ಇದಕ್ಕ ನನ್ನ ಯಾಕ ಕರದ್ರಿ? ವಿಮಾ ಮಾಡಿದ್ದು ನಿಮ್ಮ ಮನಿಗಿ. ನೂರಾ ಹದಿನೇಳು ನಂಬರು." ಅವರ ಬೆರಳು ಚಮನಸಾಬನ ಬಾಗಿಲ ಮೇಲಿನ ಪುರಸಭೆಯ ಸಂಖ್ಯೆಯನ್ನು ತೋರಿಸಿತು. "ಇದು ನೂರಾ ಹದಿನೆಂಟು. ಎದುರ ಮನಿ."

"ಸಾಹೇಬ್ರ, ಇದೇ ನನ್ನ ಮನಿ! ಈಕಿ ನನ್ನ ಹೇಣ್ತಿ!"

"ಎದುರ ಮನಿಯವರು ಅಂತ ನೀವೇ ಹೇಳಿದ್ರಲ್ರಿ?"

ಗುರುಬಾಯಿಯ ಅಳು ಒಮ್ಮೆಲೇ ನಿಂತಿತು. ಅವಳು ಗಂಡನನ್ನು ನೋಡಿದ ನೋಟಕ್ಕಿಂತ ಬೆಂಕಿಯೇ ತಂಪಾಗಿತ್ತು.

"ತಿದ್ದಿಕೊಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದ ಶಾಂತಲಿಂಗಪ್ಪ.

"ಸುಟ್ಟ ಮ್ಯಾಲ ನಂಬರ ತಿದ್ದಿದ್ರ ನನ್ನ ನೌಕರಿ ಹೋಗ್ತದ್ರಿ," ಎನ್ನುತ್ತಲೇ ಬಸ್ಸಿನ ಹಾರ್ನು ಕೇಳಿ ಸಾಹೇಬರು ಓಡಿದರು.

ಮಂದಿ ಒಬ್ಬೊಬ್ಬರಾಗಿ ಕರಗಿದರು. ಹೊದೆಯಲು ಒಂದು ಕೌದಿಯೂ ಉಳಿದಿರಲಿಲ್ಲ. ಕೇಳೋಣವೆಂದು ಶಾಂತಲಿಂಗಪ್ಪ ಚಮನಸಾಬನ ಕಡೆ ತಿರುಗಿದ. ಚಮನಸಾಬ ಖಾಲಿ ಬಕೀಟು ಹಿಡಿದುಕೊಂಡು ತನ್ನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಶಾಂತಪ್ಪ, ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ನನ್ನ ಮನಿ ಸುಟ್ರ, ಇಲ್ಲಾ ಬಿದ್ರ, ರೊಕ್ಕ ನಿನ್ನ ಹೆಸರಿಗಿ ಬರ್ತದ ಏನು?"

"ಅಯ್ಯೋ ಕಾಕಾ, ಅದು ಏನೋ ತಪ್ಪಿ..."

"ಎಷ್ಟ ದಿನದ ಕಾಗದ ಅದು?"

"ಒಂದು ವರ್ಷದ್ದು."

ಚಮನಸಾಬ ಒಳಗೆ ಹೋಗಿ ಎರಡು ಕೌದಿ ತಂದ. ಅವನ್ನು ಕೈಗೆ ಕೊಡದೆ, ಕಟ್ಟೆಯ ಮೇಲೆ ನಿಂತೇ ಬೀದಿಯ ನಡುವಿಗೆ ಎಸೆದ.

"ಹೊದ್ದುಕೋರಿ. ಖರೇ ವರ್ಷ ಮುಗಿಯೂತನಕ ನೀ ನನ್ನ ಗ್ವಾಡಿ ಸನೇಕ ಬರಬ್ಯಾಡ."